ಕರೆಯದೆ ಉಳಿದ ದಡ

ಬಕ್ಕೆ ಮನೆ, ಸ್ಕಾರ್ವಿಕ್
೯ ಫೆಬ್ರವರಿ ೧೯೬೪, ಭಾನುವಾರ

ಪ್ರೀತಿಯ ತಂಗಿ ಗುದ್ವೇಗ್‌ಗೆ,

ಅಪ್ಪನ ಮಣ್ಣಾಗಿ ವಾರ ಕಳೆಯಿತು. ತಂತಿ ಕಳಿಸಿದ್ದು ಬಿಟ್ಟರೆ ನಿನಗೆ ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ಬಿರುಗಾಳಿಗೆ ಹಡಗು ಹೊರಡದೆ ನೀನು ವಾದ್ಸೋದಲ್ಲೇ ಸಿಕ್ಕಿಬಿದ್ದೆ. ಬರಲಾಗಲಿಲ್ಲವೆಂದು ಕೊರಗಬೇಡ. ಇಲ್ಲಿದ್ದವನೂ ಮಾಡಬೇಕಾದದ್ದನ್ನು ಮಾಡಲಿಲ್ಲ.

ನಾವೆಲ್ಲ ಕ್ಷೇಮ. ನಿನ್ನ ಅತ್ತಿಗೆ ಇಂಗೆಬ್ಯೋರ್‌ಳ ಮೊಣಕಾಲು ನೋವು ಇಳಿದಿದೆ. ಕೆಂಪು ಹಸು ಹೆಣ್ಣು ಕರು ಹಾಕಿದೆ. ಹೊಸ ವರ್ಷದಿಂದ ನಮ್ಮ ಸ್ಕಾರ್ವಿಕ್ ಪಂಚಾಯತಿ ಇಲ್ಲ. ಕೊಲ್ಲಿಯ ಈ ದಡ ಒಂದು ದೊಡ್ಡ ಪಂಚಾಯತಿಗೆ ಸೇರಿತು, ಆಚೆ ದಡ ಇನ್ನೊಂದಕ್ಕೆ. ಗಡಿ ನೀರಿನ ನಟ್ಟನಡುವೆ ಹಾದುಹೋಗಿದೆ. ಕಚೇರಿಯ ಬೀಗದ ಕೈ ಒಪ್ಪಿಸಿದವನು ನಾನೇ, ಕೊನೆಯ ಅಧ್ಯಕ್ಷ.

ನಮ್ಮ ಮುತ್ತಜ್ಜಂದಿರು ಪಂಚಾಯತಿ ಕಟ್ಟಿದಾಗ ರಸ್ತೆಯೇ ಇರಲಿಲ್ಲ. ನೀರೇ ರಸ್ತೆ. ಎರಡು ದಡವೆಂದರೆ ಒಂದೇ ಅಂಗಳದ ಎರಡು ಜಗಲಿ. ಸೂಲಗಿತ್ತಿ ಆಚೆಯವಳು, ಚರ್ಚು ಈಚೆಯದು, ಬಡವರ ನಿಧಿ ಇಬ್ಬರದೂ. ಈಗ ಮೋಟಾರು ಬಂತು. ದಡದ ಗುಂಟ ರಸ್ತೆ ಬಂದರೆ ನೀರು ಗೋಡೆಯಾಗುತ್ತದೆ. ಕೊನೆಯ ಸಭೆಯಲ್ಲಿ ಅದನ್ನೇ ಹೇಳಿ, ಪಂಚಾಯತಿ ಒಡೆಯಲಿ ಎಂದು ನಾನು ಮಾತಾಡಿದೆ. ಪಂಚಾಯತಿ ಒಡೆದರೆ ನಮ್ಮ ಕಡೆಗೆ ರಸ್ತೆ ಸಿಗುತ್ತಿತ್ತು, ಆಚೆಯವರ ಶಾಲೆ ಮುಚ್ಚುತ್ತಿತ್ತು. ಆಚೆ ದಡದ ನೆಸ್ ಮನೆಯ ಆಸ್ಲಾಕ್ ಎದ್ದು ನಿಂತ. ಅಪ್ಪನ ಜೊತೆಗಾರ, ನಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಮೀನಿಗೆ ಹೋಗುತ್ತಿದ್ದವನು.

"ಏನೋ ಹಾಲ್ದೂರ್, ಎಡಗಡೆ ಕೂತವ್ರಿಗೆ ಚೆನ್ನಾಗಿರ್ಲಿ ಅಂತ ಯಾರಾದ್ರೂ ದೋಣೀನ ಉದ್ದಕ್ಕೆ ಸೀಳ್ತಾರೇನೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮತ ಸರಿಸಮ ಬಿತ್ತು. ಅಧ್ಯಕ್ಷನ ಮತಕ್ಕೆ ಆಗ ಎರಡು ಮತದ ತೂಕ. ಒಡೆಯುವುದಕ್ಕೆ ಕೈ ಎತ್ತಿದೆ. ಅದು ತಪ್ಪೆಂದು ಇವತ್ತಿಗೂ ಹೇಳಲಾರೆ. ತಪ್ಪು ಅಪ್ಪ ಸತ್ತ ಮೇಲೆ ಆದದ್ದು.

ಅಮ್ಮ ಹೋದಾಗ ಅಪ್ಪ ತಾವೇ ಹುಟ್ಟು ಹಾಕಿಕೊಂಡು ಹೋಗಿ ಆಚೆಯ ಮೂರು ಮನೆಗಳನ್ನೂ ಬಾಗಿಲಲ್ಲಿ ನಿಂತು ಕರೆದು ಬಂದದ್ದು ನಿನಗೆ ನೆನಪಿರಬೇಕು. ಮದುವೆಯೋ ಮಣ್ಣೋ, ಮನೆಯವನು ಬಾಯಾರೆ ಕರೆಯದೆ ನಮ್ಮಲ್ಲಿ ಯಾರೂ ಹೊಸಿಲು ತುಳಿಯುವುದಿಲ್ಲ. ಈ ಸಲ ಈ ದಡದ ನಾಲ್ಕು ಮನೆಗೆ ನಡೆದು ಹೋಗಿ ಬಂದೆ. ಸಂಜೆ ಇಂಗೆಬ್ಯೋರ್ ಕೇಳಿದಳು.

"ಆಚೆಗೆ ಯಾವಾಗ ಹೋಗ್ತೀರಿ?"

"ಗಾಳಿ ನೋಡಿದ್ಯಾ? ಪೇಪರಲ್ಲಿ ಹಾಕ್ಸಿದೀನಿ ಬಿಡು. ಈಗ ಅವ್ರು ಬೇರೆ ಪಂಚಾಯತಿ."

"ಪೇಪರ್ ನೋಡ್ಕೊಂಡು ಬರೋಕೆ ಇದೇನು ಹರಾಜಾ? ಮಾವನೋರ ಮಣ್ಣು ಕಣ್ರೀ."

ಮರುದಿನ ಗಾಳಿ ಇಳಿದಿತ್ತು. ನಾನು ಕೊಟ್ಟಿಗೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡೆ. ಆಸ್ಲಾಕನ ಬಾಗಿಲಲ್ಲಿ ನಿಂತು ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಇಂಗೆಬ್ಯೋರ್ ಏಳು ಮನೆಗಾಗುವಷ್ಟು ಉಪ್ಪು ಹಾಕಿಟ್ಟ ಮಾಂಸ ನೆನೆಹಾಕಿದಳು. ಯಾಕೆಂದು ಕೇಳಿದರೆ, "ಕೈಗೆ ಅದೇ ಅಳತೆ ಗೊತ್ತು" ಎಂದಳು.

ಶುಕ್ರವಾರ ಅಪ್ಪನ ಶವಪೆಟ್ಟಿಗೆ ಹೊತ್ತು ದೋಣಿ ನಿಲ್ಲುವ ದಕ್ಕೆಯ ಪಕ್ಕದಿಂದ ಚರ್ಚಿನ ಕಡೆ ಹೊರಟಾಗ ಆಚೆ ದಡದವರ ದೋಣಿ ಕಂಡಿತು. ಮೂರು ಮನೆಯವರೂ ಕರಿ ಬಟ್ಟೆ ತೊಟ್ಟು ಬಂದಿದ್ದರು. ಕಲ್ಲೆಸೆದರೆ ತಲುಪುವಷ್ಟು ದೂರದಲ್ಲಿ ಹುಟ್ಟನ್ನು ಮೆಲ್ಲಗೆ ಆಡಿಸುತ್ತ ದೋಣಿಯನ್ನು ಅಲ್ಲಿಯೇ ನಿಲ್ಲಿಸಿಕೊಂಡಿದ್ದರು. ದಡಕ್ಕೆ ತರಲಿಲ್ಲ. ಆಸ್ಲಾಕ್ ಟೊಪ್ಪಿ ತೆಗೆದು ಎದ್ದು ನಿಂತಿದ್ದ. ಆ ವಯಸ್ಸಿನಲ್ಲಿ, ಅಲುಗುವ ದೋಣಿಯಲ್ಲಿ.

ಹೊಸ ಪಾದ್ರಿ ಪಟ್ಟಣದವರು. "ಅವರ್ಯಾಕೆ ಇಳೀತಿಲ್ಲ?" ಎಂದು ಕೇಳಿದರು.

"ಕರೆದಿಲ್ವಲ್ಲ ಪಾದ್ರಿಗಳೇ," ಎಂದ ಗಂಟೆ ಹೊಡೆಯುವ ಸ್ಯೋರೆನ್.

"ಹಾಗಾದ್ರೆ ಈಗ ಕರೀರಿ!"

"ನಾನಾ? ಅದು ಮನೆಯವ್ರ ಕೆಲ್ಸ."

ಎಲ್ಲರೂ ನನ್ನ ಕಡೆ ನೋಡಿದರು. ಒಂದು ಕೂಗು ಸಾಕಿತ್ತು, ಗುದ್ವೇಗ್. ಕೈ ಬೀಸಿದ್ದರೂ ಸಾಕಿತ್ತು. ಪೆಟ್ಟಿಗೆ ಹೆಗಲ ಮೇಲಿದೆ, ಕೈ ಬಿಡುವಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ನಡೆದೆ. ಮಣ್ಣು ಹಾಕಿ ಹೊರಬಂದಾಗ ದೋಣಿ ಆಚೆ ದಡ ಸೇರಿತ್ತು. ಆವತ್ತಿನ ಊಟದಲ್ಲಿ ಮೂರು ಮನೆಯ ಪಾಲು ಮೇಜಿನ ಮೇಲೆಯೇ ತಣ್ಣಗಾಯಿತು. ಎತ್ತಿಡಲು ಇಂಗೆಬ್ಯೋರ್ ಒಪ್ಪಲಿಲ್ಲ. ಬಂದವರು ಅದರ ಆಚೀಚೆ ಕೈ ಚಾಚಿ ಉಪ್ಪು ದಾಟಿಸಿಕೊಂಡು ಉಂಡರು.

ಅದರ ಮೇಲೆ ಅವಳು ನನ್ನನ್ನು ಬೈದಿಲ್ಲ. ಬೈದಿದ್ದರೆ ಈ ಪತ್ರ ಇನ್ನೂ ಬೇಗ ಬರೆಯುತ್ತಿದ್ದೆನೇನೋ.

ಅಪ್ಪನ ಉಣ್ಣೆಯ ಅಂಗಿಯನ್ನು ನಿನಗೆಂದು ಎತ್ತಿಟ್ಟಿದ್ದೇವೆ. ಚಳಿಯಲ್ಲಿ ಜೋಪಾನ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಹಾಲ್ದೂರ್

ಮತ್ತೊಂದು ಮಾತು: "ಎಲ್ಲವೂ ಅಪ್ಪ ಬಯಸಿದಂತೆಯೇ ನಡೆಯಿತು" ಎಂದು ತಂತಿಯಲ್ಲಿ ಬರೆದಿದ್ದೆ. ಅದು ಸುಳ್ಳು. ಸಾಯುವ ಹಿಂದಿನ ದಿನ ಅಪ್ಪ ನನ್ನ ಮಣಿಕಟ್ಟು ಹಿಡಿದು, "ಮೊದ್ಲು ಆಸ್ಲಾಕನ್ನ ಕರಿ. ಆಳು ಕಳಿಸ್ಬೇಡ, ನೀನೇ ಹೋಗು. ಅವನು ಬಂದ್ರೆ ನಿಮ್ಮಿಬ್ರದ್ದೂ ಸರಿಹೋಗತ್ತೆ" ಎಂದರು. ನಾನು ಹೂಂ ಎಂದೆ. ತಮ್ಮ ಸಾವನ್ನೇ ಅವರು ನನಗೆ ನೆಪವಾಗಿ ಕೊಟ್ಟಿದ್ದರು. ನಾನು ಅದನ್ನೂ ಬಳಸಿಕೊಳ್ಳಲಿಲ್ಲ.

ನಾಳೆ ಬೆಳಿಗ್ಗೆ ನೆಸ್‌ಗೆ ಹೋಗುತ್ತೇನೆ. ಇಂಗೆಬ್ಯೋರ್‌ಗೆ ಇನ್ನೂ ಹೇಳಿಲ್ಲ. ಕ್ಷಮೆ ಕೇಳಿದರೆ ಆಸ್ಲಾಕ್ ಪರವಾಗಿಲ್ಲ ಎಂದುಬಿಡುತ್ತಾನೆ, ಅಲ್ಲಿಗೆ ಮುಗಿದುಹೋಗುತ್ತದೆ. ಕ್ಷಮೆ ಕೇಳುವುದಿಲ್ಲ. ಬಾಗಿಲ ಹೊರಗೆ ನಿಂತು, ಟೊಪ್ಪಿ ಕೈಯಲ್ಲಿ ಹಿಡಿದು, ಮುಗಿದುಹೋದ ಮಣ್ಣಿಗೆ ಕ್ರಮವಾಗಿ ಕರೆಯುತ್ತೇನೆ: ಅಪ್ಪ ತೀರಿಕೊಂಡರು, ನೀವು ಬರಬೇಕು.