ಮೈದಾನ ಬಿಟ್ಟ ಹೆಂಗಸರು

ಅಮ್ಮಾ,

ಮಗಳು ಈಗಷ್ಟೇ ನಿದ್ದೆ ಹೋಗಿದ್ದಾಳೆ. ಒಂದು ಕೈಯಲ್ಲಿ ತೊಟ್ಟಿಲ ಹಗ್ಗ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಬಿಟ್ಟರೆ ಎದ್ದಾಳೆಂಬ ಭಯ. ಏಳದೆ ಮಲಗಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಬಗ್ಗಿ ನೋಡುವ ಇನ್ನೊಂದು ಭಯ. ನೀನು ತೀರಿಹೋಗಿ ಮೂರು ತಿಂಗಳಾಯಿತು. ನಾನು ಸರಿಯಾಗಿ ನಿದ್ದೆ ಮಾಡದೆಯೂ ಅಷ್ಟೇ ದಿನವಾಗಿರಬೇಕು. ನನ್ನನ್ನೂ ನೀನು ಹೀಗೇ ಹೆದರಿ ಹೆದರಿ ಸಾಕಿದೆಯಾ? ಕೇಳಲೇ ಇಲ್ಲ ನೋಡು.

ನನ್ನ ಸಂಶೋಧನೆಯ ಮೊದಲ ದಿನ ನೆನಪಿದೆಯಾ? ವಯಸ್ಸಾದವರು ದಿನಾ ಹೊರಗೆ ನಡೆದರೆ ಅವರ ಮೈಗೂ ಮನಸ್ಸಿಗೂ ಎಷ್ಟು ಗುಣ ಎಂದು ನೋಡುವ ಅಧ್ಯಯನ. ಹೆದ್ದಾರಿ ಅಗಲ ಮಾಡುವ ಧೂಳು, ಲಾರಿಗಳ ಕಾಟ ಬೇಡವೆಂದು ಶಾಲೆಯ ಮೈದಾನ ಆರಿಸಿದ್ದೆ. ಗೇರುಬೀಜದ ಕಾರ್ಖಾನೆಯಲ್ಲಿ ಕೂತು ಕೂತು ಸೊಂಟ ಹಿಡಿದ ನಿನ್ನ ಜೊತೆಗಾರ್ತಿಯರನ್ನೆಲ್ಲ ನೀನೇ ಕರೆತಂದೆ. ನಾನು ತುಂಬು ಬಸುರಿ, ಮರದ ಬುಡದಲ್ಲಿ ಕುರ್ಚಿ ಹಾಕಿ ಕೂತಿದ್ದೆ. ಎರಡನೇ ಸುತ್ತು ಮುಗಿಯುವ ಮೊದಲೇ ಬೇಲಿಯಾಚೆ ಮೀನಿನವನು ಸೈಕಲ್ ನಿಲ್ಲಿಸಿದ.

"ಹ್ವಾಯ್, ಎಂತ ಕಳ್ಕಂಡ್ರಿ? ಎಲ್ಲ ಸೇರಿ ಹುಡ್ಕುದಾ?"

"ಸೊಂಟ ಕಳ್ದ್ ಹೋಯ್ತ್ ಮಾರಾಯಾ. ಸಿಕ್ರೆ ತಕಂಡ್ ಬಾ," ಎಂದೆ ನೀನು. ಎಲ್ಲರೂ ನಕ್ಕರು. ಮರುದಿನ ಅರ್ಧ ಜನ ಬರಲಿಲ್ಲ.

ಯಾಕೆಂದು ಕೇಳಿದಾಗ ಎಲ್ಲರದ್ದೂ ಒಂದೇ ಉತ್ತರ: ಗಂಟುನೋವು. ಕೊನೆಗೆ ನೀನೂ ಅದನ್ನೇ ಹೇಳಿದೆ. ಆದರೆ ಅದೇ ಸಂಜೆ ಹೊಳೆಯಾಚೆಗೆ ಹೊರಟೆ, ಕಾರ್ಖಾನೆಯಲ್ಲಿ ನಿನ್ನ ಪಕ್ಕದಲ್ಲೇ ಕೂರುತ್ತಿದ್ದ ಗುಲಾಬಿಯಕ್ಕನ ಮಗಳು ಹೆತ್ತಿದ್ದಾಳೆಂದು. ಸೇತುವೆ ದಾಟಿ, ಗದ್ದೆಯಂಚು ಹಿಡಿದು, ನಡೆದೇ. "ಈಗ ಗಂಟುನೋವು ಎಲ್ಲಿ ಹೋಯಿತು?" ಎಂದು ರೇಗಿದರೆ, "ಅದ್ ಬೇರೆ. ಬಾಣ್ತಿ ಕಾಂಬುಕೆ ಹೋಯ್ಕಲೆ?" ಎಂದು ಚಪ್ಪಲಿ ಮೆಟ್ಟಿದೆ. ನನಗೋ ಸಿಟ್ಟು. ಅದರಾಚೆಗೆ ಯೋಚಿಸಲಿಲ್ಲ.

ಹೋದ ತಿಂಗಳು ಗೈಡ್ ಮೇಡಂ ಫೋನ್ ಮಾಡಿದ್ದರು. ಹೀಗೆ ಜನ ಬಿಟ್ಟು ಹೋದರೆ ಅಧ್ಯಯನಕ್ಕೆ ಅರ್ಥವಿಲ್ಲ, ಯೋಜನೆ ತಿದ್ದಿ ಕೊಡು, ಇಲ್ಲವಾದರೆ ಕೈಬಿಡು ಎಂದರು. "ಎಳೆಮಗು ಇದೆ, ಯಾರೂ ತಪ್ಪು ತಿಳಿಯುವುದಿಲ್ಲ" ಎಂದು ಮೆತ್ತಗೆ ಸೇರಿಸಿದರು. ಆ ಮೆತ್ತಗಿನ ಮಾತೇ ನನ್ನನ್ನು ಕುಗ್ಗಿಸಿತು. ನಮ್ಮ ಮನೆಯವರು ಸಿದ್ದಾಪುರದ ಬ್ಯಾಂಕಿನಿಂದ ಬರುವಾಗ ಕತ್ತಲಾಗಿರುತ್ತದೆ. ಹಗಲು ಮಗುವನ್ನು ಯಾರ ಕೈಗೆ ಕೊಟ್ಟು ಕೆಲಸ ಮಾಡಲಿ? ನೀನಿದ್ದಿದ್ದರೆ...

ನೀನು ಹೋದ ಮೇಲೆ ಮೊದಲು ಬಂದವರು ಗುಲಾಬಿಯಕ್ಕ, ಒಂದು ಕಟ್ಟು ಬಸಳೆ ಹಿಡಿದು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ. ಒಬ್ಬರ ಕೈಯಲ್ಲಿ ತೆಂಗಿನೆಣ್ಣೆ, ಇನ್ನೊಬ್ಬರ ಸೆರಗಿನಲ್ಲಿ ಮಗುವಿನ ಸ್ನಾನಕ್ಕೆ ಸೊಪ್ಪು. ಒಂದು ದಿನ ತಡೆಯಲಾರದೆ ಕೇಳಿದೆ, "ಗುಲಾಬಿಯಕ್ಕ, ಗಂಟುನೋವು ಹೋಯಿತಾ?"

"ಎಲ್ಲಿಗ್ ಹೋತ್ತ್ ಮಗಾ? ನನ್ನೊಟ್ಟಿಗೇ ಬಂದಿತ್ತ್."

"ಮತ್ತೆ ಮೈದಾನಕ್ಕೆ ಯಾಕೆ ಬರಲಿಲ್ಲ?"

"ದಾರಿಯಂಗೆ ಸಿಕ್ದರ್ ಎಲ್ಲಿಗ್ ಹೊರ್ಟದ್ದ್ ಅಂದ್ ಕೇಂತ್ರಲೆ, ಎಂತ ಹೇಳುದ್? ಸುತ್ತ್ ಹಾಕುಕೆ ಅಂಬುದಾ? ನಾಚ್ಕಿ ಆಪುದಿಲ್ಯಾ?"

ಹೌದಲ್ಲ ಅಮ್ಮ. ಎದುರು ಸಿಕ್ಕವರನ್ನು ಎಲ್ಲಿಗೆ ಎಂದು ಕೇಳುವುದೇ ನಮ್ಮೂರಿನ ನಮಸ್ಕಾರ. ಅದಕ್ಕೆ ಉತ್ತರವಿಲ್ಲದ ನಡಿಗೆಗೆ ನಾನು ನಿಮ್ಮನ್ನೆಲ್ಲ ಇಳಿಸಿದ್ದೆ.

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಯೋಜನೆ ತಿದ್ದಿದೆ. ಮೈದಾನ ಬಿಟ್ಟೆ. ಪ್ರತಿಯೊಬ್ಬರೂ ತಮಗೆ ಬೇಕಾದ ಮನೆಯೊಂದನ್ನು ಆರಿಸಲಿ. ಕಾಯಿಲೆಯವರು, ಬಾಣಂತಿಯರು, ಹಳೆಯ ಗೆಳತಿ, ಯಾರಾದರೂ. ದಿನಾ ಅಲ್ಲಿಗೆ ನಡೆದು ಹೋಗಿ ವಿಚಾರಿಸಿ ಬರಲಿ. ಒಬ್ಬೊಬ್ಬರ ದಾರಿ ಒಂದೊಂದು ಉದ್ದ, ಹೋಲಿಸುವುದು ಹೇಗೆ ಎಂದು ಮೇಡಂ ಕೇಳಿದರು. ಒಬ್ಬರನ್ನು ಇನ್ನೊಬ್ಬರ ಜೊತೆ ಬೇಡ, ಅವರವರ ಮೊದಲಿನ ಸ್ಥಿತಿಯ ಜೊತೆಗೇ ಹೋಲಿಸುವುದೆಂದು ತೀರ್ಮಾನವಾಯಿತು. ಒಪ್ಪಿದರು. ಆದರೆ ಒಂದು ಮಾತು: "ನಿನ್ನ ಮನೆಗೆ ಬರುವುದು ಲೆಕ್ಕಕ್ಕಿಲ್ಲ. ಅದು ನಿನಗಾಗಿ. ಅವರಿಗೆ ಬೇರೆ ಮನೆ ಹೇಳು."

ಮೇಡಂ ಹೇಳಿದ್ದು ನ್ಯಾಯವೇ. ಆದರೆ ಆ ಕಾಲುಗಳಿಗೆ ದಿನಕ್ಕೆ ಒಂದು ದಾರಿ ನಡೆಯುವುದೇ ಹೆಚ್ಚು. ಬೇರೆ ಮನೆಗೆ ಕಳಿಸಿದರೆ ಇಲ್ಲಿಗೆ ಯಾರು ಬರುತ್ತಾರೆ? ಮಗುವನ್ನು ಹಿಡಿಯುವ ಕೈಗಳೇ ಇಲ್ಲದೆ ಅಧ್ಯಯನ ಮಾಡುವವರು ಯಾರು? 

ನಿನ್ನೆ ಮಧ್ಯಾಹ್ನ ಗುಲಾಬಿಯಕ್ಕನಿಗೆ ಹೇಳಿದೆ. ಅವರು ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ಪೂರ್ತಿ ಕೇಳಿದರು.

"ಬೆಳಿಗ್ಗೆ ನಿಮ್ ಮೇಡಂಗ್ ಬೇಕಾಯಿ ನಡಿತೆ. ಬೈಸಾರಿಗೆ ಇಲ್ಲಿಗ್ ಬತ್ತೆ, ಕಾಲ್ ಬಪ್ದಿಲ್ಲೆ ಅಂದ್ರೆ ರಿಕ್ಷಾ ಇತ್ತಲೆ. ಅದ್ ನಿನ್ನಬ್ಬಿಗೂ ನಂಗೂ ಇಪ್ಪುದ್. ಅದನ್ನ ನೀನ್ ಬರೀಬೇಡ. ಈಗ ಮನಿಕೋ ಕಾಂಬ."

ಸಂಜೆ ಬರುವುದು ನಿನಗೂ ಅವರಿಗೂ ಮಾತ್ರ ಸೇರಿದ್ದಂತೆ. ಮಲಗಿದೆ ಅಮ್ಮ. ಎಚ್ಚರವಾದಾಗ ದೇವರ ದೀಪ ಉರಿಯುತ್ತಿತ್ತು, ಮಗು ಅವರ ತೊಡೆಯ ಮೇಲೇ ಇತ್ತು.

ಸೋಮವಾರದಿಂದ ನಡಿಗೆ ಶುರು. ಬೆಳಗಿನದ್ದೆಲ್ಲ ಒಂದೂ ಬಿಡದೆ ಬರೆದಿಡುತ್ತೇನೆ. ಸಂಜೆಯದ್ದನ್ನು ನಿನ್ನೊಬ್ಬಳಿಗೆ ಹೇಳಿದ್ದೇನೆ, ಇನ್ನೆಲ್ಲೂ ಬರೆಯುವುದಿಲ್ಲ.

ನಿನ್ನ ಮಗಳು