ಗೋದಲಿಯ ಮಗು

ಡಿಸೆಂಬರ್ ೨೦, ಶನಿವಾರ

ಕ್ರಿಸ್‌ಮಸ್‌ಗೆ ಮನೆಯಲ್ಲಿ ಕಟ್ಟುವ ಗೋದಲಿಗೆ ಅಂಗಡಿಯ ಗೊಂಬೆಗಳು ಈ ವರ್ಷ ಕೈಗೆಟುಕುವುದಿಲ್ಲ. ಹೊಲಿದು ಉಳಿದ ಚೂರುಬಟ್ಟೆ, ಖಾಲಿ ದಾರದ ರೀಲುಗಳಿಂದಲೇ ಮರಿಯಮ್ಮ, ಜೋಸೆಫ್, ಕುರುಬರನ್ನೆಲ್ಲ ಮಾಡಿದೆ. ಮಗು ಯೇಸುವನ್ನು ಮಾಡಲು ಮಾತ್ರ ಕೈ ಏಳಲಿಲ್ಲ. ನನ್ನ ಮಗು ಹುಟ್ಟುತ್ತಲೇ ಕಣ್ಮುಚ್ಚಿ ನಾಲ್ಕು ತಿಂಗಳಾಯಿತು. ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ.

ಸಂಜೆ ಅತ್ತೆ ಪಕ್ಕದಲ್ಲಿ ಬಂದು ಕೂತರು. "ಬಿಡಮ್ಮ, ಮಗೂನ ನಾನು ಮಾಡ್ತೀನಿ," ಎಂದು ಹತ್ತಿಯನ್ನು ಉಂಡೆ ಕಟ್ಟಿ ಬಿಳಿ ಚೂರಿನಲ್ಲಿ ಸುತ್ತಿದರು. ತಲೆ ಎತ್ತದೆಯೇ, "ನಿನ್ನ ಗಂಡನಿಗಿಂತ ಮುಂಚೆ ನನಗೊಂದು ಹೆಣ್ಣು ಹುಟ್ಟಿತ್ತು. ಒಂದೇ ದಿನ ಇತ್ತು," ಎಂದರು.

"ಹೆಸರಿಟ್ಟಿದ್ರಾ, ಅತ್ತೆ?"

"ಇಟ್ಟಿದ್ದೆ. ಮನಸ್ಸಲ್ಲೇ."

ನಾನೂ ಇಟ್ಟಿದ್ದೆ. ಇವತ್ತು ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದೆ. ಅತ್ತೆ ಒಮ್ಮೆ ಮೆಲ್ಲಗೆ ಆ ಹೆಸರು ಹಿಡಿದು ಕರೆದು, ಹತ್ತಿಯ ಮಗುವನ್ನು ನನ್ನ ಅಂಗೈಯಲ್ಲಿಟ್ಟರು.

ಗೋದಲಿಯಲ್ಲಿ ಇನ್ನೂ ಮಲಗಿಸಿಲ್ಲ. ಇದನ್ನು ಬರೆಯುವಾಗಲೂ ಎಡಗೈಯಲ್ಲೇ ಇದೆ.