ಮೂರು ಬೆರಳಿನ ಅಳತೆ

ಮನೆಯಿಂದ, ಬುಧವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಬೆನ್ನುನೋವು ಕಡಿಮೆಯಾಯಿತೇ? ಅಮ್ಮನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚುವ ತನಕ ಮಲಗಿರಬೇಕಂತೆ, ಮಲಗಿದಲ್ಲಿಂದಲೇ ಮನೆ ಆಳುತ್ತಿದ್ದಾಳೆ.

ನಿನ್ನ ಮನೆಗೆ ಸಾಗಿಸುವ ಮೊದಲು ನಿನ್ನ ಪಿಯಾನೋ ನೋಡಲು ನೀನು ಹೇಳಿ ಕಳಿಸಿದ ರಿಪೇರಿಯವರು ಸೋಮವಾರ ಬಂದಿದ್ದರು. ಇಷ್ಟು ವರ್ಷ ಅದರ ಧೂಳು ಒರೆಸಿದವಳು ನಾನು. ಮುಚ್ಚಳ ತೆಗೆದರೆ ಮಾತ್ರ "ಅದು ಚಿಕ್ಕೋಳ್ದು, ಮುಟ್ಬೇಡ" ಎನ್ನುತ್ತಿದ್ದಳು ಅಮ್ಮ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ನಾನೇಕೆ ಮುಚ್ಚಿಡಲಿ? ಅದು ಮನೆ ಬಿಡುವ ಮೊದಲು ಏನಾದರೂ ಒಂದು ನುಡಿಸಲೇಬೇಕೆಂದು ರಿಪೇರಿಯವರನ್ನೇ ಹೇಳಿಕೊಡಲು ಕೇಳಿದೆ. ಸಿ ಮೇಜರ್ ಕಾರ್ಡ್ ತೋರಿಸಿದರು: ಹೆಬ್ಬೆರಳು, ನಡುಬೆರಳು, ಕಿರುಬೆರಳು, ನಡುವೆ ಒಂದೊಂದು ಬಿಳಿ ಕೀ ಬಿಟ್ಟು ಮೂರನ್ನೂ ಒಟ್ಟಿಗೆ ಒತ್ತುವುದು. ಅವರು ಹೋದ ಮೇಲೆ ಹೊಲಿಗೆಯವಳ ಬುದ್ಧಿ ಸುಮ್ಮನಿರುತ್ತದೆಯೇ? ಟೇಪು ಹಿಡಿದು ಬೆರಳುಗಳ ಅಂತರ ಅಳೆದೆ, ಸೀಮೆಸುಣ್ಣದ ಗುರುತು ಹಾಕಿದೆ (ಬಯ್ಯಬೇಡ, ಒರೆಸಿದ್ದೇನೆ), ಅದೇ ಅಳತೆಯನ್ನು ಒಂದು ಕೀ ಪಕ್ಕಕ್ಕೆ ಸರಿಸಿ ಒತ್ತಿದೆ. ಬಂದದ್ದು ಅಳುಮೋರೆಯ ಸದ್ದು. ಫೋನ್ ಮಾಡಿ ಕೇಳಿದರೆ ನಕ್ಕರು. ಕಪ್ಪು ಕೀಗಳೂ ಲೆಕ್ಕಕ್ಕುಂಟಂತೆ, ಅಲ್ಲಿ ನಡುಬೆರಳು ಕಪ್ಪಿನ ಮೇಲೆ ಹತ್ತಬೇಕಂತೆ. ಅಮ್ಮ ನಮ್ಮಿಬ್ಬರಿಗೂ ಒಂದೇ ಅಳತೆಯ ಫ್ರಾಕು ಹೊಲಿಸುತ್ತಿದ್ದಳಲ್ಲ, ನಿನಗೆ ಸರಿಹೋದದ್ದು ನನಗೆ ಕಂಕುಳಲ್ಲಿ ಬಿಗಿಯುತ್ತಿತ್ತು. ಅದೇ ಕಥೆ.

ಇವತ್ತು ಬೆಳಿಗ್ಗೆ ಎರಡು ಕಾರ್ಡೂ ಸರಿಯಾಗಿ ಬಂದವು. ಎಷ್ಟು ಖುಷಿಯಾಯಿತು ಗೊತ್ತೇ? ಅಷ್ಟರಲ್ಲಿ ಒಳಗಿನಿಂದ ಅಮ್ಮ, "ಚಿಕ್ಕೋಳು ಬಂದ್ಲಾ?" ಎಂದಳು. ನಾನೇ ನುಡಿಸಿದ್ದು ಎಂದೆ. "ನಿನ್ನ ಕೈಗೆ ಕತ್ರಿ ಗೊತ್ತು. ಆಟ ಆಡಿಸ್ಬೇಡ, ಅವಳನ್ನ ಕರಿ" ಎನ್ನುತ್ತಾ ನಿನಗೆ ಕೂರಲು ಹಾಸಿಗೆಯಲ್ಲಿ ಜಾಗ ಬಿಟ್ಟು ಸರಿದು ಮಲಗಿದಳು. ಆಪರೇಷನ್ ಆದಾಗಿನಿಂದ ನಾನು ಕೂರುತ್ತಿರುವುದು ಪಕ್ಕದ ಸ್ಟೂಲಿನ ಮೇಲೆ. ನಿನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ ಪುಟ್ಟೀ. ನೀನೇನೂ ತಪ್ಪು ಮಾಡಿಲ್ಲ, ಅದಕ್ಕೇ ಇನ್ನೂ ಸಿಟ್ಟು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾರ ಎತ್ತಬೇಡ. ನಿನ್ನವರಿಗೆ ನಮಸ್ಕಾರ ತಿಳಿಸು.

ನಿನ್ನ
ಅಕ್ಕ

ತಾ.ಕ.: ಇದನ್ನು ಮಡಚುವಷ್ಟರಲ್ಲಿ ಲಾರಿ ಬಂತು. ವಾಪಸ್ ಕಳಿಸಿದೆ. ಪಿಯಾನೋ ಇಲ್ಲೇ ಇರುತ್ತದೆ. ಭಾನುವಾರ ಫೋನ್ ಮಾಡಿದಾಗ, ನುಡಿಸಿದ್ದು ಅಕ್ಕ ಎಂದು ಅಮ್ಮನಿಗೆ ಹೇಳು. ನೀನು ಹೇಳಿದರೆ ನಂಬುತ್ತಾಳೆ.